ಮಂಡಕ್ಕಿಗೊಂದು ಅಂಗಳ



ಹೋದ ತಿಂಗಳು ಎರಡು ದಿನದ ಮಟ್ಟಿಗೆ ಡೊಂಬಿವಲಿಯ ತಂಗಿಯ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಓಡಿ ಬಂದು ಕೈಚೀಲ ಕಸಿದುಕೊಳ್ಳುವ ಅವಳ ಮಗಳು ಈ ಸಲ ಎದ್ದೇ ಬರಲಿಲ್ಲ. ಹಾಲಿನ ಮೂಲೆಯಲ್ಲಿ ಪಂಜರದ ಮುಂದೆ ಕುಳಿತಿದ್ದಳು. ಪಂಜರದೊಳಗೆ ಅವಳ ಎರಡು ಗಿನಿಪಿಗ್‌ಗಳು. ಒಂದು ಕಂದು, ಹೆಸರು ಬೆಲ್ಲ. ಇನ್ನೊಂದು ಬಿಳಿ, ಅದು ಮಂಡಕ್ಕಿ. ಹೆಸರಿಟ್ಟವರು ನಮ್ಮಮ್ಮ. ಅವರು ದಾವಣಗೆರೆಯ ಕಡೆಯವರು. ಖುಷಿಯಾದಾಗ ಆ ಬಿಳಿ ಮರಿ ನಾಲ್ಕೂ ಕಾಲೆತ್ತಿ ಚಂಗನೆ ನೆಗೆಯುವುದನ್ನು ಕಂಡು, "ಬಿಸಿ ಮರಳಿಗೆ ಬಿದ್ದ ಮಂಡಕ್ಕಿ ಹಾರಿದ ಹಾಗೇ ಹಾರುತ್ತಲ್ಲೇ" ಎಂದಿದ್ದರಂತೆ. ಇಂಗ್ಲಿಷಿನವರು ಇದೇ ನೆಗೆತಕ್ಕೆ ಪಾಪ್‌ಕಾರ್ನ್ ಎನ್ನುತ್ತಾರೆಂದು ಅಮ್ಮನಿಗೆ ಗೊತ್ತಿರಲಿಲ್ಲ.

"ಯಾಕೆ ಪುಟ್ಟೀ, ಇವನ್ನ ಹೊರಗೆ ಬಿಡೋದಿಲ್ವಾ?" ಎಂದೆ.

"ಇಲ್ಲ ದೊಡ್ಡಮ್ಮ. ಇನ್ನು ಯಾವತ್ತೂ ಬಿಡೋದಿಲ್ಲ."

ಆಮೇಲೆ ತಂಗಿ ಅಡಿಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ಎರಡು ತಿಂಗಳ ಹಿಂದೆ ಒಂದು ಭಾನುವಾರ ಎರಡನ್ನೂ ಹಾಲಿನಲ್ಲಿ ಬಿಟ್ಟಿದ್ದರು. ಕುಕ್ಕರ್ ಸೀಟಿ ಹಾಕಿತು. ಬೆದರಿದ ಮಂಡಕ್ಕಿ ಸೋಫಾ ಕಮ್ ಬೆಡ್ಡಿನ ಕೆಳಗೆ ನುಗ್ಗಿತು. ಯಾರೂ ಗಮನಿಸಲಿಲ್ಲ. ಅತಿಥಿಗಳು ಬರುವ ಹೊತ್ತಾಯಿತೆಂದು ಪುಟ್ಟಿಯ ಅಪ್ಪ ಹಾಸಿಗೆ ಮಡಚಿ ಒಳಗೆ ತಳ್ಳಿದರು. ಹಿಂಗಾಲಿನ ಮೂಳೆ ಮುರಿಯಿತು. ಪ್ರಾಣಿವೈದ್ಯರಿಂದ ಜೀವ ಉಳಿಯಿತು, ಕುಂಟು ಮಾತ್ರ ಹೋಗಲಿಲ್ಲ. ಅಂದಿನಿಂದ ಪಂಜರದ ಬಾಗಿಲು ಮುಚ್ಚಿದೆ. ಅಪ್ಪ ಆ ಮೂಲೆಯತ್ತ ನೋಡುವುದನ್ನೇ ಬಿಟ್ಟಿದ್ದಾರೆ. ಬೆಲ್ಲ ಮೈ ತುಂಬಿಕೊಂಡು ಗುಂಡಾಗಿದೆ. ರಾತ್ರಿಯೆಲ್ಲ ಸರಳು ಕಡಿಯುವ ಕಟಕಟ ಶಬ್ದ.

ಮುಂಬಯಿಯ ಕಡೆ ನಾಯಿ ಸಾಕಲು ಜಾಗವಿಲ್ಲವೆಂದು ಗಿನಿಪಿಗ್ ತಂದುಕೊಂಡವರು ನಿಮ್ಮಲ್ಲೂ ಇರಬಹುದು. ಆದ್ದರಿಂದ ಈ ತಿಂಗಳು ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಪ್ರಾಣಿಯ ಪರಿಚಯ. ಹೆಸರಿನಲ್ಲಿ ಗಿನಿ ಇದ್ದರೂ ಇದು ಆಫ್ರಿಕದ ಗಿನಿಯದಲ್ಲ, ಹಂದಿಯಂತೂ ಅಲ್ಲವೇ ಅಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮನೆಯೊಳಗೆ ಸಾಕತೊಡಗಿದ್ದರು, ಮಾಂಸಕ್ಕಾಗಿ. ಪೆರುವಿನಲ್ಲಿ ಇಂದಿಗೂ ತಿನ್ನುತ್ತಾರೆ (ಪುಟ್ಟಿಗೆ ಇದನ್ನು ನಾನು ಹೇಳಿಲ್ಲ, ನೀವೂ ಹೇಳಬೇಡಿ). 16ನೆಯ ಶತಮಾನದಲ್ಲಿ ಯುರೋಪಿಗೆ ಹೋಗಿ ಅಲ್ಲಿ ಮುದ್ದಿನ ಪ್ರಾಣಿಯಾಯಿತು. ಇದರ ಕಾಡಿನ ಬಂಧುಗಳು ಎತ್ತರದ ಹುಲ್ಲಿನ ನಡುವೆ ಗುಂಪಾಗಿ, ತಾವೇ ಮಾಡಿಕೊಂಡ ಸುರಂಗದಂಥ ದಾರಿಗಳಲ್ಲಿ ಓಡಾಡುತ್ತವೆ. ಎಲ್ಲರಿಗೂ ಬೇಟೆಯಾಗುವ ಜೀವ. ಬಯಲು ಕಂಡರೆ ಭಯ, ಮರೆ ಕಂಡರೆ ಧೈರ್ಯ. ನಮ್ಮ ಮನೆಗಳಲ್ಲೂ ಇವು ನಡುಮನೆ ಬಿಟ್ಟು ಗೋಡೆ ಹಿಡಿದೇ ಸಾಗುತ್ತವೆ, ಸದ್ದಾದರೆ ಕತ್ತಲೆಯ ಸಂದಿಗೆ ನುಗ್ಗುತ್ತವೆ. ಮಂಡಕ್ಕಿ ಮಾಡಿದ್ದೂ ಅದನ್ನೇ. ತಪ್ಪು ಅದರದಲ್ಲ, ಅಪ್ಪನದೂ ಅಲ್ಲ. ಅಡಗಲು ಬೇರೆ ಜಾಗವನ್ನು ನಾವು ಕೊಟ್ಟಿರಲಿಲ್ಲ, ಅಷ್ಟೆ.

ಹಾಗೆಂದು ಪಂಜರದಲ್ಲೇ ಇಟ್ಟರೆ ಆಗುವುದೇ? ಓಡಾಟವಿಲ್ಲದಿದ್ದರೆ ಬೊಜ್ಜು ಬರುತ್ತದೆ. ಒಂದೇ ಕಡೆ ಕುಳಿತು, ಅದರಲ್ಲೂ ತಂತಿಯ ನೆಲದ ಮೇಲೆ ಕುಳಿತು, ಪಾದಗಳಲ್ಲಿ ಹುಣ್ಣಾಗುತ್ತದೆ. ಎರಡು ಗಿನಿಪಿಗ್‌ಗಳ ಪಂಜರಕ್ಕೇ ಕನಿಷ್ಠ ಏಳೂವರೆ ಚದರ ಅಡಿ ನೆಲ ಬೇಕು. ಅಂಗಡಿಯಲ್ಲಿ ಸಿಗುವ ಪಂಜರಗಳಲ್ಲಿ ಹೆಚ್ಚಿನವು ಅದರ ಅರ್ಧವೂ ಇರುವುದಿಲ್ಲ. ಅದೇ ಅಂಗಡಿಯವರು ತಿರುಗುವ ಚಕ್ರವನ್ನೂ ಪ್ಲಾಸ್ಟಿಕ್ ಚೆಂಡನ್ನೂ ತೋರಿಸುತ್ತಾರೆ. ಕೊಳ್ಳಬೇಡಿ. ಗಿನಿಪಿಗ್ಗಿನ ಬೆನ್ನೆಲುಬು ಅದಕ್ಕೆ ತಕ್ಕುದಲ್ಲ, ಪೆಟ್ಟಾಗುತ್ತದೆ. ಅದಕ್ಕೆ ಬೇಕಾದದ್ದು ಸಮತಟ್ಟಾದ ನೆಲ ಮತ್ತು ಜೊತೆಗಾರ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದು ಕಾನೂನಿಗೇ ವಿರುದ್ಧ.

ಭಾನುವಾರ ಬೆಳಿಗ್ಗೆ ನಾನೂ ಪುಟ್ಟಿಯೂ ಕೆಲಸಕ್ಕಿಳಿದೆವು. ಹಾಲಿನಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ ಗುರುತಿಸಿದೆವು, ಸೋಫಾ, ಫ್ರಿಜ್, ಬಾಲ್ಕನಿ ಬಾಗಿಲು ಮೂರರಿಂದಲೂ ದೂರ. ಬೇಲಿಗೆ ಸನ್‌ಪ್ಯಾಕ್ ಶೀಟು, ಶಾಲೆಯ ಪ್ರಾಜೆಕ್ಟಿಗೆಂದು ನೀವು ತರುತ್ತೀರಲ್ಲ, ಅದೇ. ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಹೊರಗಡೆಯಿಂದ ಟೇಪು ಹಚ್ಚಿ ಜೋಡಿಸಿದೆವು. ಟೇಪು ಒಳಗಡೆ ಇದ್ದರೆ ಕಡಿದು ನುಂಗಿಬಿಡುತ್ತವೆ. ಇವು ಬೆಕ್ಕಿನಂತೆ ಹತ್ತಿ ಹಾರುವ ಪ್ರಾಣಿಗಳಲ್ಲ, ಅಷ್ಟು ಎತ್ತರ ಸಾಕು. ಕೆಲಸ ಮುಗಿದ ಮೇಲೆ ಮಡಚಿ ಕಪಾಟಿನ ಹಿಂದೆ ಇಡಬಹುದು. ಒನ್ ಬಿಎಚ್‌ಕೆಯಲ್ಲಿ ಅದು ದೊಡ್ಡ ಮಾತು.

ನೆಲದ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. ನಮ್ಮ ನುಣುಪು ಟೈಲ್ಸಿನ ಮೇಲೆ ಇವುಗಳ ಕಾಲು ಜಾರುತ್ತದೆ, ಕೀಲಿಗೆ ನೋವಾಗುತ್ತದೆ. ನಾವು ಜಮಖಾನ ಹಾಸಿ, ಅದರ ಮೇಲೆ ಹಳೆಯ ಹತ್ತಿಯ ಚಾದರ ಹಾಸಿ, ಅಂಚನ್ನು ಬೇಲಿಯಡಿ ಸಿಕ್ಕಿಸಿದೆವು. ಟರ್ಕಿ ಟವೆಲ್ ಬೇಡ, ಅದರ ಎಳೆಗಳಿಗೆ ಉಗುರು ಸಿಕ್ಕಿಬೀಳುತ್ತದೆ. ಒಳಗೆ ಮೂರು ರಟ್ಟಿನ ಪೆಟ್ಟಿಗೆ ಇಟ್ಟೆವು, ಪಿನ್ನು ಟೇಪು ಎಲ್ಲ ಕಿತ್ತು. ಪ್ರತಿ ಪೆಟ್ಟಿಗೆಗೂ ಎರಡು ಬಾಗಿಲು. ಒಂದೇ ಬಾಗಿಲಿದ್ದರೆ ಒಂದು ಇನ್ನೊಂದನ್ನು ಮೂಲೆಗೊತ್ತಿ ಕಾದಾಡುತ್ತವೆ. ಗಣಪತಿ ಗುಡಿಯ ಮುಂದೆ ಹೂ ಮಾರುವಾಕೆಯಿಂದ ಗರಿಕೆ ತಂದು, ಚೆನ್ನಾಗಿ ತೊಳೆದು, ಅಲ್ಲಲ್ಲಿ ಚೆಲ್ಲಿದೆವು. ತಟ್ಟೆಯಲ್ಲಿ ಗುಡ್ಡೆ ಹಾಕಿದರೆ ಕುಳಿತೇ ತಿನ್ನುತ್ತವೆ, ಚೆಲ್ಲಿದರೆ ಹುಡುಕುತ್ತ ನಡೆಯುತ್ತವೆ. ಒಂದಿಷ್ಟು ಕೊತ್ತಂಬರಿ, ಒಂದು ಚೂರು ದೊಣ್ಣಮೆಣಸು. ನಮ್ಮ ಹಾಗೆ ಇವುಗಳ ಮೈಯೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು, ತಿಂಡಿಯಿಂದಲೇ ಬರಬೇಕು.

ಬೇಲಿ ಇದ್ದರೂ ಕೋಣೆಯನ್ನು ಒಮ್ಮೆ ಮಂಡಿಯೂರಿ, ಗಿನಿಪಿಗ್ಗಿನ ಎತ್ತರದಿಂದ ನೋಡಿ. ಮೊಬೈಲ್ ಚಾರ್ಜರಿನ ವಯರು, ಜಿರಳೆಗೆ ಎಳೆದ ಸೀಮೆಸುಣ್ಣದ ಗೆರೆ, ಇಲಿ ಪಾಷಾಣ, ಮನಿ ಪ್ಲಾಂಟಿನ ಎಲೆ, ಆಗಷ್ಟೇ ಒರೆಸಿದ ಫಿನಾಯಿಲು, ಇವೆಲ್ಲ ನಿಂತಾಗ ಕಾಣುವುದಿಲ್ಲ. ಬಾಲ್ಕನಿಯಂತೂ ಬೇಡ. ಕಾಗೆ, ಹದ್ದು, ಬೆಕ್ಕು, ಮೇಲಾಗಿ ಬಿಸಿಲು. ಇವು ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲಾರವು. ಕೋಣೆಯ ಶಾಖ 27 ಡಿಗ್ರಿ ದಾಟಿದರೆ ಕಷ್ಟ, 30 ದಾಟಿದರೆ ಪ್ರಾಣಕ್ಕೇ ಅಪಾಯ. ಏಪ್ರಿಲ್ ಮೇ ತಿಂಗಳಲ್ಲಿ ಬೆಳಗಿನ ಜಾವ ಅಥವಾ ರಾತ್ರಿ ಊಟದ ನಂತರ ಬಿಡಿ. ಬಟ್ಟೆ ಸುತ್ತಿದ ಐಸ್ ನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟರೆ ಅದಕ್ಕೆ ಒರಗಿ ಮಲಗುತ್ತವೆ. ದಿನಕ್ಕೆ ಒಂದು ಗಂಟೆಯಾದರೂ ಬಿಡಬೇಕು. ಆ ಹೊತ್ತು ಒಬ್ಬರು ಅಲ್ಲೇ ಕುಳಿತಿರಬೇಕು. ಟಿವಿ ನೋಡುತ್ತ ಕುಳಿತವರು ಲೆಕ್ಕಕ್ಕಿಲ್ಲ.

ಪಂಜರದ ಬಾಗಿಲನ್ನು ಅಂಗಳಕ್ಕೆ ಜೋಡಿಸಿ ತೆರೆದಿಟ್ಟೆವು. ಅಟ್ಟಿಸಿ ಹಿಡಿದು ಹೊರಗೆ ತರಬಾರದು. ಬೆಲ್ಲ ಐದೇ ನಿಮಿಷಕ್ಕೆ ಮೂತಿ ಹೊರಗಿಟ್ಟು, ಗರಿಕೆ ಕಂಡು ಓಡಿತು. ಮಂಡಕ್ಕಿ ಬರಲಿಲ್ಲ. ಅಂದು ಸಂಜೆಯೂ ಬರಲಿಲ್ಲ. ಪುಟ್ಟಿಯ ಕಣ್ಣು ತುಂಬಿತು. ಅಪ್ಪ ಪೇಪರಿನ ಮರೆಯಿಂದ ನೋಡುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವರು ಹಾಸಿಗೆ ಮಡಚಲು ಬಂದರು. ಮೊದಲು ಪಂಜರದ ಮುಂದೆ ಬಗ್ಗಿ, ಬೆರಳು ತೋರಿಸಿ "ಒಂದು, ಎರಡು" ಎಂದು ಗಟ್ಟಿಯಾಗಿ ಎಣಿಸಿದರು. ಆಮೇಲೆಯೇ ಸೋಫಾಕ್ಕೆ ಕೈ ಹಾಕಿದರು.

ಒಂಬತ್ತನೆಯ ದಿನ ರಾತ್ರಿ ಫೋನ್ ಬಂತು.

"ದೊಡ್ಡಮ್ಮ, ಮಂಡಕ್ಕಿ ಹಾರಿತು! ಕುಂಟು ಕಾಲಲ್ಲೇ! ಸ್ವಲ್ಪ ವಾಲಿ ಬಿತ್ತು, ಆದ್ರೆ ಮತ್ತೆ ಹಾರಿತು!"

"ಅಪ್ಪ ನೋಡಿದ್ರಾ?"

"ಅಪ್ಪಾನೇ ಮೊದ್ಲು ನೋಡಿದ್ದು. ನನ್ನನ್ನ ಕೂಗಿ ಕರೆದಿದ್ದೂ ಅವರೇ."