ಆರೈಕೆ ಬೇಡದ ಗಿಡವೆಂಬ ಸುಳ್ಳು

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಮಹಿಳಾ ಸ್ವಸಹಾಯ ಸಂಘದ ಸಭೆಗೆ ಪೇಟೆಯಿಂದ ಒಬ್ಬ ವ್ಯಾಪಾರಿ ಬಂದಿದ್ದರು. ಕೈಯಲ್ಲಿ ಬಣ್ಣದ ಕರಪತ್ರ. ಮೇಜಿನ ಮೇಲೆ ಚಹಾ ಲೋಟಕ್ಕಿಂತ ಚಿಕ್ಕದಾದ ಹತ್ತಾರು ಪ್ಲಾಸ್ಟಿಕ್ ಕುಂಡಗಳು. ಅವುಗಳಲ್ಲಿ ತಾವರೆಮೊಗ್ಗಿನಂತೆ ಕಾಣುವವು, ಬೆಣಚುಕಲ್ಲಿನಂತೆ ಕಾಣುವವು, ತಲೆಯ ಮೇಲೆ ಕೆಂಪು ಚೆಂಡನ್ನು ಹೊತ್ತವು. ಪೇಟೆಯವರು ‘ಸಕ್ಯುಲೆಂಟ್’ ಎಂದು ಕರೆಯುವ ರಸಭರಿತ ಸಸ್ಯಗಳು. “ನೀರು ಬೇಡ, ಗೊಬ್ಬರ ಬೇಡ, ಆರೈಕೆ ಬೇಡ. ತಾಯಿಗಿಡ ನಾವೇ ಕೊಡುತ್ತೇವೆ, ಮರಿಗಳನ್ನು ನಾವೇ ಕೊಳ್ಳುತ್ತೇವೆ” ಎಂಬುದು ಅವರ ಭರವಸೆ. ತಾಯಿಗಿಡಗಳಿಗೆ ಮಾತ್ರ ಸಂಘವು ಮುಂಗಡ ಹಣ ಕಟ್ಟಬೇಕು. ಸಭೆ ಮುಗಿದ ಮೇಲೆ ಸಂಘದ ಅಧ್ಯಕ್ಷೆ ನನ್ನ ಬಳಿ ಬಂದು, “ಓದಿದವರು ನೀವು, ಹೇಳಿ ಮಾರಾಯ್ರೆ, ನಾವಿದಕ್ಕೆ ಕೈ ಹಾಕಬಹುದಾ?” ಎಂದು ಕೇಳಿದರು.

ಬೇಡವೆಂದಷ್ಟೇ ಅಂದು ಹೇಳಿದೆ. ಏಕೆ ಬೇಡವೆಂಬುದನ್ನು ಇಲ್ಲಿ ಬರೆಯಬೇಕಾಗಿ ಬಂದಿದೆ. ಏಕೆಂದರೆ ಅದೇ ಬಗೆಯ ಕರಪತ್ರಗಳು ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳ ಕೈಯನ್ನೂ ತಲುಪಿವೆ. ಮದುವೆಮನೆಯ ಉಡುಗೊರೆಯಾಗಿ, ಹೋಂಸ್ಟೇಗಳ ಕಿಟಕಿಯ ಅಲಂಕಾರವಾಗಿ ಈ ಗಿಡಗಳು ‘ಪರಿಸರಪ್ರೇಮ’ದ ಹೆಸರಿನಲ್ಲಿ ಮಾರಾಟವಾಗುತ್ತಿವೆ.

ಸುಳ್ಳಿನ ಮೊದಲ ಎಳೆ

ರಸಭರಿತ ಸಸ್ಯವೆಂದರೆ ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಸಸ್ಯ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ನೀರು ಆವಿಯಾಗಿ ಹೊರಹೋಗುತ್ತದೆ. ಮರುಭೂಮಿಯಲ್ಲಿ ಅಂಥ ದುಂದು ಸಾಧ್ಯವಿಲ್ಲ. ಆದುದರಿಂದ ಈ ಗುಂಪಿನ ಬಹುಪಾಲು ಸಸ್ಯಗಳು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಅನಿಲವನ್ನು ಆಮ್ಲದ ರೂಪದಲ್ಲಿ ಎಲೆಯೊಳಗೆ ಕಟ್ಟಿಟ್ಟು, ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡು ಅದನ್ನು ಬಳಸುತ್ತವೆ.

ಈ ಗುಟ್ಟಿನ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ನಮ್ಮ ನಾಡಿನೊಡನೆ ನಂಟಿದ್ದ ಒಬ್ಬ ವಿಜ್ಞಾನಿಗೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 19ನೇ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿ, ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿದರು; 1815ರಲ್ಲಿ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ಶಾಲೆಯ ಪ್ರಯೋಗಾಲಯದ ಪಿಎಚ್ ಕಾಗದವನ್ನು ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆ ಎಲೆಯ ರಸಕ್ಕೆ ಮುಟ್ಟಿಸಿದರೆ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಗಿಡ ಕೊಳ್ಳಲು ಹಣ ತೆರಬೇಕಿಲ್ಲ. ಯಾರದಾದರೂ ಹಿತ್ತಿಲಿನಲ್ಲಿ ಅದು ಇದ್ದೇ ಇರುತ್ತದೆ.

ಈ ರಾತ್ರಿಯ ಕ್ರಿಯೆಯನ್ನೇ ತಿರುಚಿ, “ಇವು ರಾತ್ರಿಯಿಡೀ ಆಮ್ಲಜನಕ ಕೊಡುತ್ತವೆ, ಮಲಗುವ ಕೋಣೆಯಲ್ಲಿಡಿ” ಎಂದು ಕರಪತ್ರ ಸಾರುತ್ತದೆ. ಇದು ಅಪ್ಪಟ ಸುಳ್ಳು. ರಾತ್ರಿ ನಡೆಯುವುದು ಇಂಗಾಲದ ಸಂಗ್ರಹ. ಆಮ್ಲಜನಕ ಹೊರಬರಲು ಬೆಳಕು ಬೇಕೇ ಬೇಕು. ಇನ್ನು ಕುಂಡದ ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ಮಾತಿಗೆ ಆಧಾರವಾಗಿ ತೋರಿಸುವ 1989ರ ನಾಸಾ ಅಧ್ಯಯನ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಬಾಗಿಲು, ಕಿಟಕಿ, ಹೆಂಚಿನ ಸಂದುಗಳಿರುವ ನಮ್ಮ ಮನೆಗಳಿಗೆ ಅದು ಅನ್ವಯಿಸದು.

ಮಳೆಗಾಲವೆಂಬ ಪರೀಕ್ಷಕ

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ತರಬೇತಿ ಶಿಬಿರವೊಂದರಲ್ಲಿ ಭಾಗವಹಿಸಿದವರಿಗೆಲ್ಲ ಇಂಥದೇ ಗಿಡಗಳನ್ನು ಹಂಚಿಸಿದವರಲ್ಲಿ ನಾನೂ ಒಬ್ಬ. “ವಾರಕ್ಕೊಮ್ಮೆ ನೀರು ಸಾಕು” ಎಂದು ಪುಸ್ತಕದ ಮಾತನ್ನೇ ಒಪ್ಪಿಸಿದ್ದೆ. ಮೃಗಶಿರಾ ಮಳೆಯಲ್ಲಿ ಎಲೆಗಳು ಬೆಳಕಿಲ್ಲದೆ ಸೊರಗಿ ಉದ್ದುದ್ದ ಬೆಳೆದವು. ಆರಿದ್ರಾದಲ್ಲಿ ಬುಡ ಮೆತ್ತಗಾಯಿತು. ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಹೆಚ್ಚಿನವು ಕೊಳೆತು ಲೋಳೆಯಾಗಿದ್ದವು. ಯಾರೂ ನನ್ನನ್ನು ದೂರಲಿಲ್ಲ. ತಮ್ಮ ಕೈಗುಣವೇ ಸರಿಯಿಲ್ಲವೆಂದುಕೊಂಡರು. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ತಪ್ಪು ಅವರ ಕೈಗುಣದ್ದಲ್ಲ. ಈ ಗಿಡಗಳಲ್ಲಿ ಬಹಳಷ್ಟಕ್ಕೆ ತವರಾದ ದಕ್ಷಿಣ ಆಫ್ರಿಕದ ಕರೂ ಪ್ರದೇಶದಲ್ಲಿ ವರ್ಷದ ಮಳೆ 250 ಮಿ.ಮೀ. ದಾಟುವುದು ಅಪರೂಪ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರದಂಥ ಜೀವಿಗಳೇ ಈ ಗಿಡಗಳ ಬುಡವನ್ನೂ ತಿನ್ನುತ್ತವೆ. ಬೋರ್ಡೋ ದ್ರಾವಣ ಹೊಡೆದು, ಕೊಟ್ಟೆ ಕಟ್ಟಿ ಅಡಿಕೆಗೊನೆಯನ್ನು ಉಳಿಸಿಕೊಳ್ಳುವ ಜನಕ್ಕೆ ‘ಆರೈಕೆ ಬೇಡ’ ಎಂದು ಹೇಳಿ ಈ ಗಿಡ ಮಾರುವುದು ಅಪಹಾಸ್ಯವಲ್ಲವೇ? ಕಾಲಿಂಪಾಂಗಿನ ಗುಡ್ಡಗಳಲ್ಲಿ ಕಳ್ಳಿ ಬೆಳೆಸುತ್ತಾರೆಂದು ವ್ಯಾಪಾರಿ ಉದಾಹರಿಸಿದರು. ನಿಜ. ಆದರೆ ಅಲ್ಲಿ ದಶಕಗಳ ಅನುಭವವಿದೆ, ಮಳೆ ತಡೆಯುವ ಮುಚ್ಚುಮನೆಗಳಿವೆ, ಹಗಲಿರುಳಿನ ನಿಗಾ ಇದೆ. ಅದನ್ನೆಲ್ಲ ಆರೈಕೆಯೆನ್ನದೆ ಮತ್ತೇನೆನ್ನಬೇಕು?

ಅತ್ತ ಕದ್ದದ್ದು, ಇತ್ತ ಎಸೆದದ್ದು

ಪೇಟೆಯಲ್ಲಿ ಸಿಗುವ ಅಗ್ಗದ ಗಿಡಗಳಲ್ಲಿ ಬಹುಪಾಲು ನರ್ಸರಿಗಳಲ್ಲೇ ತುಂಡಿನಿಂದ ಬೆಳೆದವು. ಅವೆಲ್ಲ ಕದ್ದವೆಂದು ನಾನು ಹೇಳುತ್ತಿಲ್ಲ. ಆದರೆ ಅಗ್ಗದ ಗಿಡದಿಂದ ಹತ್ತಿದ ಗೀಳು ಅಲ್ಲಿಗೇ ನಿಲ್ಲುವುದಿಲ್ಲ; ಅಪರೂಪದ್ದನ್ನು ಹುಡುಕುತ್ತದೆ. ಕರೂ ಪ್ರದೇಶದ ಕಲ್ಲುಸಂದುಗಳಲ್ಲಿ ನಿಧಾನವಾಗಿ ಬೆಳೆಯುವ ಕೊನೊಫೈಟಮ್ ಎಂಬ ಪುಟ್ಟ ಗಿಡಗಳನ್ನು 2019ರಿಂದೀಚೆಗೆ ಕಳ್ಳರು ಚೀಲಗಟ್ಟಲೆ ಅಗೆದೊಯ್ದರು. ಅಲ್ಲಿನ ಅಧಿಕಾರಿಗಳು ವಶಪಡಿಸಿಕೊಂಡ ರಸಭರಿತ ಸಸ್ಯಗಳ ಸಂಖ್ಯೆಯೇ 10 ಲಕ್ಷ ದಾಟಿದೆ. ಕೊರೋನಾ ಕಾಲದಲ್ಲಿ ಹೊರಗಿನ ದಲ್ಲಾಳಿಗಳು ಬರಲಾಗದಿದ್ದಾಗ, ಕೆಲಸವಿಲ್ಲದ ಸ್ಥಳೀಯ ಬಡವರ ಕೈಯಿಂದಲೇ ಅಗೆಸಿದರು. ಲಾಭ ದೂರದ ದಲ್ಲಾಳಿಗೆ, ಜೈಲು ಊರಿನವನಿಗೆ. ಈ ಕಥೆ ಮಲೆನಾಡಿಗರಿಗೆ ಹೊಸತೇ?

ಅಮೆರಿಕದ ಕ್ಯಾಲಿಫೋರ್ನಿಯದ ಕಡಲಬಂಡೆಗಳಿಂದ ಡಡ್ಲಿಯಾ ಎಂಬ ಗಿಡಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಿತ್ತು ಪೂರ್ವ ಏಷ್ಯಕ್ಕೆ ಸಾಗಿಸುವ ಜಾಲ 2018ರ ಸುಮಾರಿಗೆ ಬಯಲಾಯಿತು. ಆ ಗಿಡವನ್ನು ಉಳಿಸಲೆಂದೇ ಅಲ್ಲಿ 2021ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು.

ಇದು ಗಿಡ ಬರುವ ದಾರಿ. ಇನ್ನು ಹೋಗುವ ದಾರಿ. ಬೇಸರವಾದ ಕುಂಡವನ್ನು ನಾವು ಧರೆಯಂಚಿಗೆ ಎಸೆಯುತ್ತೇವೆ. ಎಲೆಯಂಚಿನಲ್ಲೇ ನೂರಾರು ಮರಿಗಳನ್ನು ಹೊರುವ ಮಡಗಾಸ್ಕರ್ ಮೂಲದ ಕಲಂಕೊ ಜಾತಿಯ ಗಿಡಗಳಿಗೆ ಅಷ್ಟೇ ಸಾಕು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಇವು ಘೋಷಿತ ಕಳೆಗಳು. ತಿಂದ ದನಗಳು ಸತ್ತಿವೆ. ಎಲೆ ಬಿದ್ದಲ್ಲಿ ಗಿಡ, ನೀರಿಲ್ಲದಿದ್ದರೂ ಬದುಕು ಎಂಬ ಗುಣವನ್ನು ಮಾರುವವನು ‘ಸುಲಭ’ ಎನ್ನುತ್ತಾನೆ; ಗೋಮಾಳದ ದೃಷ್ಟಿಯಿಂದ ಅದೇ ಗುಣದ ಹೆಸರು ‘ಕಳೆ’.

ಇತಿಹಾಸ ನಮಗೆ ಈ ಪಾಠವನ್ನು ಮೊದಲೇ ಕಲಿಸಿದೆ. ಕೆಂಪು ಬಣ್ಣ ಕೊಡುವ ಕೀಟವನ್ನು ಸಾಕಲೆಂದು ಈಸ್ಟ್ ಇಂಡಿಯಾ ಕಂಪನಿ 18ನೇ ಶತಮಾನದಲ್ಲಿ ಪಾಪಾಸುಕಳ್ಳಿಯನ್ನು ಇಲ್ಲಿ ಬೆಳೆಸಿತು. 1795ರಲ್ಲಿ ತಂದ ಕೀಟ ಬೇರೆಯದೇ ಪ್ರಭೇದವಾಗಿದ್ದು ಬಣ್ಣ ಕೈಗೂಡಲಿಲ್ಲ. ಬೇಲಿಗೆಂದು ನೆಟ್ಟ ಬೇರೆ ಕಳ್ಳಿಗಳು ಬಯಲುಸೀಮೆಯ ಹೊಲಗಳನ್ನು ನುಂಗಿದವು. ಅವನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಕೀಟವನ್ನು ತರಬೇಕಾಯಿತು. ನಮ್ಮ ಬೆಟ್ಟಗಳನ್ನು ಕವಿದಿರುವ ಲಂಟಾನವೂ ಈ ದೇಶಕ್ಕೆ ಬಂದದ್ದು ಉದ್ಯಾನದ ಅಲಂಕಾರದ ಗಿಡವಾಗಿಯೇ.

ಹಾಗಾದರೆ ಯಾವುದನ್ನು ಬೆಳೆಸೋಣ?

“ಹೆಂಗಸರಿಗೆ ನಾಲ್ಕು ಕಾಸು ಬರುವುದನ್ನು ತಪ್ಪಿಸುತ್ತೀರಲ್ಲ” ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದು, ಉತ್ತರಿಸಬೇಕು. ಮುಂಗಡ ಕಟ್ಟಿಸಿಕೊಂಡು ಮರಳಿ ಕೊಳ್ಳುವೆನೆನ್ನುವ ಒಪ್ಪಂದದಲ್ಲಿ ಮಳೆಗಾಲದ ಕೊಳೆತದ ನಷ್ಟವೆಲ್ಲ ಬೆಳೆದವಳದ್ದು. ಎಲೆಯಿಂದಲೇ ಮರಿಯಾಗುವ ಗಿಡವನ್ನು ಯಾರು ಬೇಕಾದರೂ ಬೆಳೆಸಿಯಾರಾದ್ದರಿಂದ ಅದರ ಬೆಲೆ ನಿಲ್ಲದು. ಫ್ಯಾಷನ್ ಇಳಿದ ದಿನ ಕರಪತ್ರದಲ್ಲಿರುವ ದೂರವಾಣಿ ಸಂಖ್ಯೆಯೂ ಉತ್ತರಿಸದು. ಅದೇ ಶ್ರಮದಿಂದ ಅಪ್ಪೆಮಿಡಿಯ ಕಸಿ, ಮುರುಗಲು, ಉಪ್ಪಾಗೆ, ವಾಟೆಗಳ ಸಸಿ ಮಾಡಿದರೆ ಅವು ಈ ಮಳೆಗೆ ಹುಟ್ಟಿದವು. ಮಾರಾಟವಾಗದೆ ಉಳಿದರೂ ಬೇಣದಲ್ಲಿ ನೆಟ್ಟುಕೊಳ್ಳಬಹುದು.

ಮನೆಯೊಳಗೆ ರಸಭರಿತ ಗಿಡವೇ ಬೇಕೆಂದರೆ ನಮ್ಮಲ್ಲಿಲ್ಲವೇ? ಚಪ್ಪರದ ಬಸಳೆ, ತಂಬುಳಿಯ ದೊಡ್ಡಪತ್ರೆ, ಸುಟ್ಟಗಾಯದ ಲೋಳೆಸರ, ಚಟ್ನಿಯ ಮಂಗರವಳ್ಳಿ ಎಲ್ಲವೂ ಎಲೆಯಲ್ಲಿ, ಕಾಂಡದಲ್ಲಿ ನೀರು ಕೂಡಿಡುವವೇ. ಇವುಗಳಲ್ಲಿ ಕೆಲವು ಹೊರನಾಡಿನಿಂದ ಬಂದವು. ಹೈನೆ ಕಂಡ ಕಾಡುಬಸಳೆಯೂ ಮಡಗಾಸ್ಕರಿನದು, ಅದನ್ನೂ ಹಿತ್ತಿಲಿನ ಗಡಿ ದಾಟಗೊಡಬಾರದು. ಹೊರಗಿನದೆಲ್ಲ ಕೆಟ್ಟದ್ದೆಂಬ ವಾದ ನನ್ನದಲ್ಲ. ಮಳೆಗಾಲದ ನಮ್ಮ ಅಂಗಳಗಳ ಹೆಮ್ಮೆಯಾದ ಡೇರೆ ಹೂವು ಮೆಕ್ಸಿಕೊ ದೇಶದ್ದು. ಆದರೆ ಅದರ ಗೆಡ್ಡೆ ಅಕ್ಕನ ಮನೆಯಿಂದ ಬಂದಿರುತ್ತದೆ, ಬಣ್ಣ ಅತ್ತಿಗೆಯ ಮನೆಗೆ ಹೋಗಿರುತ್ತದೆ. ಗಾಳಿಗೆ ಬೀಳದಂತೆ ಕೋಲು ಕಟ್ಟಿ, ಬೇಸಿಗೆಗೆ ಗೆಡ್ಡೆ ತೆಗೆದಿಟ್ಟು ಕಾಯುವ ಆ ಆರೈಕೆಯಲ್ಲೇ ಊರೂರಿನ ಹೆಂಗಸರ ಸ್ನೇಹ ಬೆಳೆದಿದೆ.

ಆದುದರಿಂದ ಸಂಘದ ಗೆಳತಿಯರಲ್ಲಿಯೂ ವಿದ್ಯಾರ್ಥಿ ಮಿತ್ರರಲ್ಲಿಯೂ ನನ್ನ ವಿನಂತಿ ಇಷ್ಟೆ. ಕೊಳ್ಳುವ ಮೊದಲು ಗಿಡದ ಹೆಸರನ್ನೂ ತವರನ್ನೂ ಕೇಳಿ. ಮಾರುವವನಿಗೆ ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ. ಕಾಡಿನ ಬಂಡೆಯಿಂದ, ಮರದ ಕೊಂಬೆಯಿಂದ ಯಾವುದನ್ನೂ ಕಿತ್ತು ತರಬೇಡಿ. ಈಗಾಗಲೇ ತಂದಿದ್ದರೆ ಮಳೆಗಾಲದ ನಾಲ್ಕು ತಿಂಗಳು ಬೆಳಕು ಬೀಳುವ ಸೂರಿನಡಿಯಲ್ಲಿಟ್ಟು, ಮಣ್ಣಿಗೆ ಅರ್ಧದಷ್ಟು ಹೊಳೆಮರಳು ಬೆರೆಸಿ, ನೀರು ನಿಲ್ಲಿಸಿ. ಬೇಡವಾದದ್ದನ್ನು ಧರೆಗೆಸೆಯದೆ ಒಣಗಿಸಿ ಸುಡಿ. ಮುಂಗಡದ ಹಣವನ್ನಂತೂ ಯಾರಿಗೂ ಕೊಡಬೇಡಿ. ಮುಂದಿನ ಸಭೆಗೆ ಆ ವ್ಯಾಪಾರಿ ಮತ್ತೆ ಬಂದರೆ, ಅವರ ಗಿಡಗಳನ್ನು ಒಂದು ಮಳೆಗಾಲ ನಮ್ಮ ಜಗುಲಿಯಲ್ಲಿಟ್ಟು ಹೋಗಲು ಹೇಳೋಣ. ಮಘಾ ಮಳೆ ಕಳೆದ ಮೇಲೆ ಉಳಿದಿರುವವನ್ನು ಎಣಿಸಿ ಮಾತಾಡೋಣ.