ಗುಣವಾದವನು ಮತ್ತೆ ಅಂಗಡಿಗೆ ಬರುವುದಿಲ್ಲ

ಕಾಮಾಲೆಗೆ ಮದ್ದು ಕೊಡುವ ಮನೆಯೊಂದು ಇಲ್ಲದ ತಾಲ್ಲೂಕು ನಮ್ಮಲ್ಲಿ ಸಿಗುವುದು ಕಷ್ಟ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಹೋಗಬೇಕು. ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾರೆ. ಎಣ್ಣೆ, ಖಾರ, ಮಾಂಸ ಬಿಟ್ಟು ಪಥ್ಯ ಮಾಡಿದರೆ ಮೂರು ವಾರದಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ. ಹುಡುಗನಾಗಿದ್ದಾಗ ನಾನೂ ಅಂಥದ್ದೊಂದು ಜಗಲಿಯ ಮೇಲೆ ಕೂತು ಮೂಗು ಹಿಡಿದು ಕುಡಿದವನೇ. ಹಳದಿ ಇಳಿಯಿತು. ಕೊಳಕು ನೀರಿನಿಂದ ಬರುವ ಎ ಮತ್ತು ಇ ಮಾದರಿಯ ಹೆಪಟೈಟಿಸ್ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ ಎಂದು ಓದಿದ್ದು ಎಷ್ಟೋ ವರ್ಷದ ಮೇಲೆ. ಕೀರ್ತಿ ನೆಲನೆಲ್ಲಿಗೆ ಹೋಯಿತು. ಹೋಗಲಿ ಬಿಡಿ, ಅದರಿಂದ ಯಾರಿಗೂ ನಷ್ಟವಿಲ್ಲ.

ನಷ್ಟವಿರುವುದು ಮೈ ಹಳದಿಯಾಗದೆಯೇ ಲಿವರ್ ತಿನ್ನುವ ಇನ್ನೊಂದು ಜಾತಿಯಿಂದ. ಹೆಪಟೈಟಿಸ್ ಸಿ ರಕ್ತದಿಂದ ರಕ್ತಕ್ಕೆ ದಾಟುತ್ತದೆ. ಒಳಗೆ ಬಂದ ಮೇಲೆ ಹೆಚ್ಚಿನವರಲ್ಲಿ ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಕೂರುತ್ತದೆ. ಕೊನೆಗೊಂದು ದಿನ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಗೆ ಹೋದವರಿಗೆ ‘ಲಿವರ್ ಗಟ್ಟಿಯಾಗಿದೆ’ ಎನ್ನುತ್ತಾರೆ. ಬೀದಿಯವರು ‘ಕದ್ದು ಕುಡಿಯುತ್ತಿದ್ದನೇನೋ’ ಎನ್ನುತ್ತಾರೆ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವರೂ ಈ ಮಾತು ಕೇಳಿಕೊಂಡೇ ಸತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ 5 ಕೋಟಿ ಜನರ ಮೈಯಲ್ಲಿ ಈ ವೈರಸ್ ಇತ್ತು, ಭಾರತದಲ್ಲಿ ಸುಮಾರು 55 ಲಕ್ಷ ಮಂದಿಯಲ್ಲಿ. ಆ ಒಂದೇ ವರ್ಷ ಇದರಿಂದ ಸತ್ತವರು 2.4 ಲಕ್ಷ.

ಆದರೆ ಇದು ಗುಣವಾಗುವ ಕಾಯಿಲೆ. ದಿನಕ್ಕೊಂದರಂತೆ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರರಲ್ಲಿ ತೊಂಬತ್ತೈದು ಮಂದಿಯ ರಕ್ತದಿಂದ ವೈರಸ್ ಪೂರ್ತಿ ಹೋಗುತ್ತದೆ. ಬಿಪಿ, ಶುಗರ್‌ಗಳಂತೆ ಜೀವನಪರ್ಯಂತ ನುಂಗುವ ಗೋಜಿಲ್ಲ. ಬಹುಕಾಲ ಮೈಯಲ್ಲಿ ಬೀಡುಬಿಟ್ಟ ಒಂದು ವೈರಸ್ಸನ್ನು ಬರೀ ಮಾತ್ರೆಯಿಂದ ಬೇರುಸಹಿತ ಕಿತ್ತದ್ದು ವೈದ್ಯಶಾಸ್ತ್ರದಲ್ಲಿ ಇದೇ ಮೊದಲು. ನಮ್ಮ ಕಾಲದ ಅತಿ ದೊಡ್ಡ ಔಷಧ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕೊರೊನಾ ಲಸಿಕೆಯ ಪಕ್ಕದಲ್ಲೇ ಇದನ್ನೂ ಇಡುತ್ತೇನೆ. ಅಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಏಕೆ ಉಳಿಯಿತು ಎಂಬುದೇ ಈ ವಾರದ ತಕರಾರು.

1970ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಹಾರ್ವೆ ಆಲ್ಟರ್, ರಕ್ತ ಪಡೆದ ರೋಗಿಗಳಿಗೆ ಬರುತ್ತಿದ್ದ ಲಿವರ್ ಉರಿಯೂತ ಎ ಮಾದರಿಯದೂ ಅಲ್ಲ, ಬಿ ಮಾದರಿಯದೂ ಅಲ್ಲ ಎಂದು ಕಂಡುಕೊಂಡರು. ರೋಗಕ್ಕೆ ಇಟ್ಟ ಹೆಸರೂ ಅದೇ: ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’. ಕಳ್ಳನ ಗುರುತು ಸಿಗದೆ ‘ರಾಮನೂ ಅಲ್ಲ, ಭೀಮನೂ ಅಲ್ಲ’ ಎಂದು ಪೊಲೀಸರು ಬರೆದುಕೊಂಡಂತೆ. ಕಳ್ಳ ಸಿಕ್ಕಿದ್ದು 1989ರಲ್ಲಿ. ಕಿರಾನ್ ಕಂಪನಿಯ ಮೈಕಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಸೇರಿ ಸೋಂಕು ತಗುಲಿದ ಚಿಂಪಾಂಜಿಯ ರಕ್ತದಿಂದ ವೈರಸ್ಸಿನ ಒಂದು ಚೂರನ್ನು ಹೆಕ್ಕಿ ತೆಗೆದರು. ಮುಂದೆ 2020ರ ನೊಬೆಲ್ ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ ಬಂತು. ಅದಕ್ಕೂ ಮೊದಲು 2013ರಲ್ಲಿ ಕೆನಡಾದ ಪ್ರತಿಷ್ಠಿತ ಗೇರ್ಡ್ನರ್ ಪ್ರಶಸ್ತಿಯನ್ನು ಹೌಟನ್ ಬೇಡವೆಂದಿದ್ದರು. ಚೂ ಮತ್ತು ಕುವೊ ಅವರನ್ನು ಬಿಟ್ಟು ತಾನೊಬ್ಬನೇ ಹೇಗೆ ತೆಗೆದುಕೊಳ್ಳಲಿ ಎಂಬುದು ಅವರ ಕಾರಣ. ಪ್ರಶಸ್ತಿಗಾಗಿ ಅರ್ಜಿ ಗುಜರಾಯಿಸುವ ನಮ್ಮ ರಾಜ್ಯೋತ್ಸವದ ಋತುವಿನಲ್ಲಿ ನನಗೆ ಆಗಾಗ ಈ ಸಂಗತಿ ನೆನಪಾಗುವುದುಂಟು.

ವೈರಸ್ ಸಿಕ್ಕರೂ ಮದ್ದು ಸಿಗಲಿಲ್ಲ. ಇದ್ದದ್ದು ಇಂಟರ್‌ಫೆರಾನ್ ಎಂಬ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಎಂಬ ಗುಳಿಗೆ. ಇದು ವೈರಸ್ಸಿಗೆ ನೇರವಾಗಿ ಹೊಡೆಯುವುದಿಲ್ಲ. ಮೈಯ ಕಾವಲುಪಡೆಯನ್ನು ಕೆರಳಿಸುತ್ತದೆ, ಅಷ್ಟೆ. ಹೆಚ್ಚಿನವರು 48 ವಾರ ಚುಚ್ಚಿಸಿಕೊಳ್ಳಬೇಕಿತ್ತು. ವರ್ಷವಿಡೀ ಜ್ವರ, ಮೈಕೈ ನೋವು, ರಕ್ತಹೀನತೆ, ಕೂದಲು ಉದುರುವುದು. ಕೆಲವರಿಗೆ ಸಾಯಬೇಕೆನ್ನುವಷ್ಟು ಖಿನ್ನತೆ. ಇಷ್ಟೆಲ್ಲ ಅನುಭವಿಸಿದ ಮೇಲೂ ವೈರಸ್ಸಿನ ಹಟಮಾರಿ ತಳಿ ತಗುಲಿದವರಲ್ಲಿ ಅರ್ಧದಷ್ಟು ಮಂದಿಗೆ ಗುಣವಾಗುತ್ತಿರಲಿಲ್ಲ.

ನೇರವಾಗಿ ಹೊಡೆಯುವ ಮದ್ದು ಹುಡುಕಬೇಕಾದರೆ ವೈರಸ್ಸನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಬೇಕು. ಇದು ಬೆಳೆಯಲೇ ಒಲ್ಲದು. ಹತ್ತು ವರ್ಷ ಹಾಗೇ ಹೋಯಿತು. 1999ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ರಾಲ್ಫ್ ಬಾರ್ಟನ್‌ಶ್ಲಾಗರ್ ಮತ್ತು ಫೋಲ್ಕರ್ ಲೋಮನ್ ಒಂದು ಉಪಾಯ ಕಂಡುಕೊಂಡರು. ಇಡೀ ವೈರಸ್ ಬೇಡ, ತನ್ನ ನಕಲು ತಾನೇ ತೆಗೆದುಕೊಳ್ಳುವ ಅರೆ ವೈರಸ್ ಸಾಕು ಎಂದು ಅದನ್ನು ಲಿವರ್ ಜೀವಕೋಶಗಳಲ್ಲಿ ಓಡಿಸಿದರು. ಇನ್ನು ಸಾವಿರಾರು ರಾಸಾಯನಿಕಗಳನ್ನು ಸಾಲಾಗಿ ಸುರಿದು ಯಾವುದು ನಕಲನ್ನು ನಿಲ್ಲಿಸುತ್ತದೆಂದು ನೋಡಬಹುದಿತ್ತು. ಪ್ರಶಸ್ತಿ ಪಟ್ಟಿಗಳಲ್ಲಿ ಕೆಳಗೆ ಬೀಳುವ ಇಂಥ ಕೆಲಸಗಳ ಮೇಲೆಯೇ ಔಷಧದ ಮನೆ ನಿಂತಿರುತ್ತದೆ.

ಈ ವೈರಸ್ಸಿನ ಜಾತಕ ಬಲು ಚಿಕ್ಕದು. ಸುಮಾರು 9,600 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ, ಅದರಿಂದ ಒಂದು ಉದ್ದನೆಯ ಪ್ರೋಟೀನು, ಅದನ್ನು ಕತ್ತರಿಸಿದರೆ ಹತ್ತು ತುಂಡು. ಆ ತುಂಡುಗಳಲ್ಲಿ ಒಂದು ಕತ್ತರಿಯಾಗಿ ಕೆಲಸ ಮಾಡುತ್ತದೆ, ಇನ್ನೊಂದು ನಕಲು ತೆಗೆಯುವ ಗುಮಾಸ್ತ. ಗುಮಾಸ್ತ ಅವಸರದವನು, ಬರೆದದ್ದನ್ನು ತಿರುಗಿ ನೋಡುವುದಿಲ್ಲ. ಹಾಗಾಗಿ ನಕಲಿನಿಂದ ನಕಲಿಗೆ ತಪ್ಪುಗಳು. ಆ ತಪ್ಪುಗಳೇ ಅದಕ್ಕೆ ವೇಷ ಮರೆಸಲು ನೆರವು. ಇಂದಿಗೂ ಲಸಿಕೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಅದಕ್ಕೊಂದು ದೌರ್ಬಲ್ಯವಿದೆ. ಎಚ್‌ಐವಿ, ಹೆಪಟೈಟಿಸ್ ಬಿ ವೈರಸ್‌ಗಳು ಜೀವಕೋಶದ ದೇವರಕೋಣೆಗೇ ಹೊಕ್ಕು, ನಮ್ಮ ವಂಶವಾಹಿ ಇರುವಲ್ಲೇ ಬಚ್ಚಿಟ್ಟುಕೊಳ್ಳುತ್ತವೆ. ಸಿ ವೈರಸ್ ಪಡಸಾಲೆಯಲ್ಲೇ ಬಿಡಾರ ಹೂಡುತ್ತದೆ. ನಕಲು ತೆಗೆಯುವುದನ್ನು ಕೆಲವು ವಾರ ನಿಲ್ಲಿಸಿದರೆ ಅದರ ಸಂಸಾರವೇ ಮುಗಿಯಿತು. ವಾಸಿಯಾಗುತ್ತದೆ ಎಂಬ ಮಾತಿಗೆ ಆಧಾರ ಇದೇ.

ಆ ಗುಮಾಸ್ತನಿಗೆ ಸುಳ್ಳು ಅಕ್ಷರ ಕೊಟ್ಟು ಮೋಸ ಮಾಡಿದ್ದೇ ಸೋಫೋಸ್‌ಬುವಿರ್. ನೋಡಲು ಆರ್‌ಎನ್‌ಎಯ ಒಂದು ಅಕ್ಷರದಂತೆಯೇ ಇರುತ್ತದೆ. ಎಳೆಯಲ್ಲಿ ಪೋಣಿಸಿದೊಡನೆ ಮುಂದಿನ ಅಕ್ಷರ ಕೂರುವುದಿಲ್ಲ. ಆದರೆ ಬರಿ ಅಕ್ಷರವನ್ನು ನುಂಗಿದರೆ, ಎಳೆಗೆ ಸೇರಲು ಬೇಕಾದ ಫಾಸ್ಫೇಟಿನ ಕೊಂಡಿ ಅದಕ್ಕೆ ಲಿವರಿನೊಳಗೆ ಸಿಗುವುದು ನಿಧಾನ. ಕೊಂಡಿಯನ್ನು ಮೊದಲೇ ಸಿಕ್ಕಿಸಿ ಕಳಿಸಿದರೆ ಜೀವಕೋಶದ ಗೋಡೆ ದಾಟುವುದಿಲ್ಲ. ಫಾರ್ಮಾಸೆಟ್ ಎಂಬ ಸಣ್ಣ ಕಂಪನಿಯ ಮೈಕಲ್ ಸೋಫಿಯಾ ತಂಡ, ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಕ್ರಿಸ್ ಮೆಗೈಗನ್ ರೂಪಿಸಿದ ವಿಧಾನವನ್ನು ಬಳಸಿಕೊಂಡು ಆ ಕೊಂಡಿಗೆ ಒಂದು ಹೊದಿಕೆ ಸುತ್ತಿತು. ಹೋಳಿಗೆಯ ಹೂರಣದ ಹಾಗೆ ಮದ್ದು ಒಳಗೆ. ಕಣಕವನ್ನು ಬಿಡಿಸುವುದು ಲಿವರಿನ ಕಿಣ್ವಗಳೇ. ಸೋಫಿಯಾ ಅವರ ಹೆಸರು ಮದ್ದಿನ ಹೆಸರಿನ ತಲೆಯಲ್ಲೇ ಕೂತಿದೆ. ನ್ಯೂಜಿಲೆಂಡಿನ ಎಡ್ ಗೇನ್ ಇದನ್ನು ರಿಬಾವಿರಿನ್ ಜೊತೆ ಮಾತ್ರ, ಇಂಟರ್‌ಫೆರಾನ್ ಚುಚ್ಚದೆ ಹತ್ತು ರೋಗಿಗಳಿಗೆ ಕೊಟ್ಟರು. ಹತ್ತೂ ಮಂದಿ ಗುಣವಾದರು.

ಎಲ್ಲ ಕಂಪನಿಗೂ ಹೀಗೆ ಲಾಟರಿ ಹೊಡೆಯಲಿಲ್ಲ. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ 250 ಕೋಟಿ ಡಾಲರ್ ಕೊಟ್ಟು ಇನ್ನೊಂದು ಕಂಪನಿಯನ್ನೇ ಕೊಂಡಿತು. ಅದರ ಮದ್ದು ಹೃದಯಕ್ಕೆ ಪೆಟ್ಟು ಕೊಟ್ಟು, ಒಬ್ಬ ರೋಗಿ ಸತ್ತು, 2012ರಲ್ಲಿ ಆ ದಾರಿಯೇ ಮುಚ್ಚಿತು. ಅದೇ ಕಂಪನಿಯ ಡಕ್ಲಾಟಾಸ್‌ವಿರ್ ಮಾತ್ರ ಗೆದ್ದು, ಇಂದಿಗೂ ಸೋಫೋಸ್‌ಬುವಿರ್ ಜೊತೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತಿದೆ. ಔಷಧ ಕಂಪನಿಗಳನ್ನು ಬೈಯುವ ಮುಂಚೆ ಇದನ್ನೂ ಹೇಳಬೇಕು. ಈಗ ಬೈಯಬಹುದು.

ಗಿಲಿಯಡ್ ಎಂಬ ಕಂಪನಿ ಫಾರ್ಮಾಸೆಟ್ಟನ್ನು 1,100 ಕೋಟಿ ಡಾಲರಿಗೆ ಕೊಂಡಿತು. 2013ರ ಡಿಸೆಂಬರಿನಲ್ಲಿ ಮದ್ದಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿತು. ಬೆಲೆ: ಮಾತ್ರೆಯೊಂದಕ್ಕೆ ಸಾವಿರ ಡಾಲರ್, ಹನ್ನೆರಡು ವಾರಕ್ಕೆ 84,000. ನಮ್ಮ ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿ ದಾಟುತ್ತಿತ್ತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತವರ ಸಂಗಡಿಗರು ಲೆಕ್ಕ ಹಾಕಿದಾಗ ಅಷ್ಟೂ ಮಾತ್ರೆ ತಯಾರಿಸುವ ಖರ್ಚು 68ರಿಂದ 136 ಡಾಲರ್. ಸೆನೆಟಿನ ಹಣಕಾಸು ಸಮಿತಿಯ ಇಬ್ಬರು ಸದಸ್ಯರು, ಒಬ್ಬರು ಡೆಮಾಕ್ರಾಟ್, ಇನ್ನೊಬ್ಬರು ರಿಪಬ್ಲಿಕನ್, ತನಿಖೆ ಮಾಡಿ 2015ರಲ್ಲಿ ವರದಿ ಕೊಟ್ಟರು: ಬೆಲೆ ಕಟ್ಟುವಾಗ ಕಂಪನಿಯ ಕಣ್ಣು ಆದಾಯದ ಮೇಲಿತ್ತು, ರೋಗಿಗೆ ಎಟುಕುತ್ತದೆಯೇ ಎಂಬುದರ ಮೇಲಲ್ಲ. ಅಮೆರಿಕದ ಎಷ್ಟೋ ರಾಜ್ಯಗಳು ಬಡವರಿಗೆ ‘ಲಿವರ್ ಇನ್ನಷ್ಟು ಹಾಳಾದ ಮೇಲೆ ಬಾ’ ಎಂದವು. ಶ್ರೀಮಂತ ದೇಶವೊಂದು ರೋಗಿಯನ್ನು ರೋಗ ಬಲಿಯಲೆಂದು ಮನೆಗೆ ಕಳಿಸುವ ದೃಶ್ಯ ನೋಡಿ ನಮ್ಮಂಥವರು ಏನೆನ್ನಬೇಕು?

ಇಲ್ಲಿ ಭಾರತ ಪ್ರವೇಶಿಸುತ್ತದೆ. 2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ನಮ್ಮ ಏಳು ಕಂಪನಿಗಳಿಗೆ ತಯಾರಿಸಲು ಪರವಾನಗಿ ಕೊಟ್ಟಿತು. ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಇತ್ತು. ಮುಂದಿನ ಜನವರಿಯಲ್ಲಿ ಬಯೋಕಾನ್ ಸೇರಿತು. 91 ದೇಶಗಳಿಗೆ ಮಾರಬಹುದಿತ್ತು. ಚೀನಾ, ಬ್ರೆಜಿಲ್‌ಗಳಿಗೆ ಮಾರುವಂತಿರಲಿಲ್ಲ. ಇದನ್ನು ಔದಾರ್ಯವೆಂದು ಹೊಗಳಿದವರಿದ್ದಾರೆ. ನನಗೆ ಕಾಣುವುದು ಬೇರೆ. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ 3(ಡಿ) ಎಂಬ ಕಲಮು ಇದೆ. ಹಳೆಯ ವಸ್ತುವಿಗೆ ಹೊಸ ಅಂಗಿ ತೊಡಿಸಿ ತಂದರೆ ಪೇಟೆಂಟ್ ಇಲ್ಲ ಎನ್ನುತ್ತದೆ. ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಮದ್ದಿಗೆ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅಡ್ಡ ನಿಂತದ್ದು ಇದೇ. ಸೋಫೋಸ್‌ಬುವಿರ್‌ನ ಒಂದು ಅರ್ಜಿಯನ್ನೂ ಪೇಟೆಂಟ್ ಕಚೇರಿ 2015ರ ಜನವರಿಯಲ್ಲಿ ತಳ್ಳಿಹಾಕಿತು. ದೆಹಲಿ ಹೈಕೋರ್ಟು ಮರುಪರಿಶೀಲನೆಗೆ ಕಳಿಸಿತು. 2016ರಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಮಾತ್ರೆ ಬೀದಿಗೆ ಬಂದಾಗಿತ್ತು. ಬಾಗಿಲು ಮುರಿಯುತ್ತಾರೆಂಬ ಭಯವಿದ್ದಾಗ ಚಿಲಕ ತೆಗೆದುಕೊಟ್ಟರೆ ಅದಕ್ಕೆ ಔದಾರ್ಯವೆಂಬ ಹೆಸರು ಸಲ್ಲದು. ಆಸ್ಟ್ರೇಲಿಯಾದ ಟಾಸ್ಮೇನಿಯಾದ ರೋಗಿಯೊಬ್ಬರು 2015ರಲ್ಲಿ ಚೆನ್ನೈಗೆ ಬಂದು ಮಾತ್ರೆ ಕೊಂಡೊಯ್ದು ಗುಣವಾದರು. ನಂತರ ತನ್ನಂಥ ಎಷ್ಟೋ ಮಂದಿಗೆ ದಾರಿ ತೋರಿಸಿದರು.

ಆದರೆ ನಿಜವಾದ ಕಥೆ ಈಜಿಪ್ಟಿನದು. ನೈಲ್ ನದಿಯ ಬಸವನಹುಳುವಿನಿಂದ ಬರುವ ಬಿಲ್ಹಾರ್ಜಿಯಾ ರೋಗವನ್ನು ಓಡಿಸಲು ಅಲ್ಲಿನ ಸರ್ಕಾರ 1950ರ ದಶಕದಿಂದ ಹಳ್ಳಿಹಳ್ಳಿಗೆ ಹೋಗಿ ಲಕ್ಷಾಂತರ ಮಂದಿಗೆ ಇಂಜೆಕ್ಷನ್ ಚುಚ್ಚಿಸಿತು. ಗಾಜಿನ ಸಿರಿಂಜು, ಅದೇ ಸೂಜಿ, ಅರೆಬರೆ ಕುದಿಸಿದ್ದು. ಒಂದು ರೋಗ ಓಡಿಸಲು ಹೋಗಿ ಇನ್ನೊಂದನ್ನು ಮನೆಮನೆಗೆ ಹಂಚಿದಂತಾಯಿತು. 2008ರ ಸಮೀಕ್ಷೆಯಲ್ಲಿ 15ರಿಂದ 59 ವಯಸ್ಸಿನ ಹತ್ತರಲ್ಲಿ ಒಬ್ಬರ ಮೈಯಲ್ಲಿ ಸಿ ವೈರಸ್ ಇತ್ತು. ಅದೇ ಸರ್ಕಾರ 2018ರ ಅಕ್ಟೋಬರಿನಿಂದ ಏಳೇ ತಿಂಗಳಲ್ಲಿ ಸುಮಾರು 5 ಕೋಟಿ ಜನರ ಬೆರಳು ಚುಚ್ಚಿ ಪರೀಕ್ಷೆ ಮಾಡಿಸಿತು, ಸೋಂಕಿದ್ದವರಿಗೆ ತನ್ನಲ್ಲೇ ತಯಾರಾದ ಅಗ್ಗದ ಮಾತ್ರೆಯನ್ನು ಪುಕ್ಕಟೆ ಕೊಟ್ಟಿತು. ಚುಚ್ಚಿದ ಕೈಯೇ ಮತ್ತೆ ಚುಚ್ಚಿ ಪ್ರಾಯಶ್ಚಿತ್ತ ಮಾಡಿಕೊಂಡಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರೋಗ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ದರ್ಜೆ ಮುಟ್ಟಿದ ಮೊದಲ ದೇಶವೆಂದು ಈಜಿಪ್ಟನ್ನು ಗುರುತಿಸಿತು.

ಅತ್ತ ಗಿಲಿಯಡ್‌ನ ಗಲ್ಲಾಪೆಟ್ಟಿಗೆ? 2015ರಲ್ಲಿ ಈ ಮದ್ದುಗಳಿಂದ ಬಂದದ್ದು 1,900 ಕೋಟಿ ಡಾಲರಿಗೂ ಹೆಚ್ಚು. 2018ರಲ್ಲಿ 400 ಕೋಟಿಯೂ ಇಲ್ಲ. ಪೈಪೋಟಿಗೆ ಬೇರೆ ಕಂಪನಿಗಳೂ ಬಂದವು ನಿಜ. ಆದರೆ ಗುಣವಾದವನು ಮತ್ತೆ ಅಂಗಡಿಗೆ ಬರುವುದಿಲ್ಲ. ತನ್ನಿಂದ ಇನ್ನೊಬ್ಬನಿಗೆ ಅಂಟಿಸಿ ಹೊಸ ಗಿರಾಕಿಯನ್ನೂ ಕಳಿಸುವುದಿಲ್ಲ. ಆ ವರ್ಷವೇ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸು ಸಂಸ್ಥೆಯ ವಿಶ್ಲೇಷಕರು, ರೋಗಿಗಳನ್ನು ಗುಣಪಡಿಸುವುದು ಬಾಳಿಕೆ ಬರುವ ವ್ಯಾಪಾರವೇ ಎಂದು ಕೇಳಿ, ಇದೇ ಮದ್ದನ್ನು ಉದಾಹರಣೆ ಕೊಟ್ಟರು. ಜನ ಸಿಟ್ಟಾದರು. ನಾನು ಸಿಟ್ಟಾಗಲಿಲ್ಲ. ವ್ಯಾಪಾರಿ ತನ್ನ ಪುಸ್ತಕದಲ್ಲಿರುವುದನ್ನೇ ಓದಿ ಹೇಳಿದ. ಜಾಹೀರಾತು ಕೊಟ್ಟು, ಶಿಬಿರ ಮಾಡಿ, ಮನೆಮನೆಗೆ ಬಂದು ‘ಪರೀಕ್ಷೆ ಮಾಡಿಸಿಕೊಳ್ಳಿ’ ಎನ್ನುವ ಲಾಭ ಯಾವ ಕಂಪನಿಗೂ ಈಗ ಉಳಿದಿಲ್ಲ. ಸದ್ದಿಲ್ಲದಿರುವುದಕ್ಕೆ ಇದೇ ಕಾರಣ. ಇನ್ನು ಸದ್ದು ಮಾಡಬೇಕಾದವರು ಸರ್ಕಾರದವರು.

ಪಂಜಾಬ್ ಮಾಡಿತು. 2016ರಲ್ಲೇ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಮದ್ದು ಕೊಟ್ಟು ಸಾವಿರಾರು ಮಂದಿಯನ್ನು ಗುಣಪಡಿಸಿತು. 2018ರ ಜುಲೈ 28ರಿಂದ ಕೇಂದ್ರದ ವೈರಲ್ ಹೆಪಟೈಟಿಸ್ ಕಾರ್ಯಕ್ರಮವೂ ಇದೆ. ಪರೀಕ್ಷೆಯೂ ಮದ್ದೂ ಉಚಿತ, ಕರ್ನಾಟಕದಲ್ಲೂ. ಬೀದಿಯಲ್ಲಿ ನಿಂತು ನೂರು ಜನರನ್ನು ಕೇಳಿ, ಎಷ್ಟು ಮಂದಿಗೆ ಗೊತ್ತು? 2022ರಲ್ಲಿ ಜಗತ್ತಿನಲ್ಲಿ ಸೋಂಕಿದ್ದವರ ಪೈಕಿ ಅದು ತಮಗಿದೆಯೆಂದು ತಿಳಿದಿದ್ದವರು ನೂರರಲ್ಲಿ 36 ಮಾತ್ರ. ನಮ್ಮ ಹಳ್ಳಿಯ ಡಾಕ್ಟರು ಸ್ಟೀಲಿನ ಡಬ್ಬಿಯಲ್ಲಿ ಕುದಿಸಿದ ಸೂಜಿಯಿಂದ ಊರಿಗೆಲ್ಲ ಚುಚ್ಚಿದ್ದನ್ನು ಕಂಡ ತಲೆಮಾರು ಇನ್ನೂ ಬದುಕಿದೆ. ದಾನಿಗಳ ರಕ್ತದಲ್ಲಿ ಸಿ ವೈರಸ್ ಇದೆಯೇ ಎಂದು ನೋಡುವುದು ಕಡ್ಡಾಯವಾದದ್ದು ಈ ಶತಮಾನದ ಆರಂಭದಲ್ಲಷ್ಟೆ. ಅದಕ್ಕೆ ಮುಂಚೆ ಆಪರೇಷನ್ನಿಗೋ ಹೆರಿಗೆಗೋ ರಕ್ತ ಹಾಕಿಸಿಕೊಂಡವರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಒಮ್ಮೆ ನೋಡಿಸಿಕೊಳ್ಳಬೇಕು. ಬಿಪಿ, ಶುಗರ್ ಶಿಬಿರದ ಮೇಜಿನ ಮೇಲೆ ಈ ಪರೀಕ್ಷೆಯ ಪಟ್ಟಿಯನ್ನೂ ಒಂದು ಇಟ್ಟರೆ ಆಗದ ಕೆಲಸವೇನಲ್ಲ.

ತೊಂಬತ್ತರ ದಶಕದಲ್ಲಿ ನನಗೂ ಒಂದು ಅಪಘಾತವಾಗಿ ಎರಡು ಬಾಟಲಿ ರಕ್ತ ಹಾಕಿದ್ದರು. ಇದನ್ನೆಲ್ಲ ಬರೆಯಲು ಕೂತವನಿಗೆ ಅದು ನೆನಪಾಗಿ, ಹೋದ ವಾರ ಒಂದು ಲ್ಯಾಬಿಗೆ ಹೋದೆ. ಕೌಂಟರಿನ ಹುಡುಗ ಡಾಕ್ಟರ ಚೀಟಿ ಕೇಳಿದ. ಇಲ್ಲ, ನಾನೇ ಬಂದೆ, ಹೆಪಟೈಟಿಸ್ ಸಿ ನೋಡಬೇಕು ಎಂದೆ. ಅವನು ಕಂಪ್ಯೂಟರಿನಿಂದ ತಲೆಯೆತ್ತಿ ನನ್ನ ಕಣ್ಣಿನ ಬಿಳಿಯನ್ನು ಒಮ್ಮೆ ನೋಡಿದ.

“ಏನಾದ್ರೂ ತೊಂದ್ರೆ ಇದೆಯಾ ಸಾರ್?”

“ಏನೂ ಇಲ್ಲಪ್ಪ.”

“ಮತ್ಯಾಕೆ?”