ಡಬ್ಬಿಯ ಮೇಲೆ ‘ಶುದ್ಧ’ ಅಂತ ಬರೆಯೋ ಮೊದಲು: ಜೇನುಮೇಣ, ಮರ ಮತ್ತು ನಮ್ಮ ಮನೆ ವ್ಯಾಪಾರ

ಇವತ್ತಿನ ಸಂಚಿಕೆಯಲ್ಲಿ ಅತಿಥಿಗಳು ಯಾರೂ ಇಲ್ಲ. ನಮ್ಮದೇ ಒಂದು ತಪ್ಪಿನ ಕಥೆ ಇದೆ, ಅದರ ಹಿಂದೆ ಒಂದಿಷ್ಟು ವಿಜ್ಞಾನ ಇದೆ, ಕೊನೆಗೊಂದು ಅಭಿಪ್ರಾಯವೂ ಇದೆ. ಒಪ್ಪದಿದ್ದರೆ ಬರೆದು ತಿಳಿಸಿ.

ನಾವು ಅಂದ್ರೆ ಮೂರು ಮನೆಯವರು. ಒಂದು ಮನೆ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನಲ್ಲಿ, ಇನ್ನೊಂದು ಅಟ್ಲಾಂಟಾದಲ್ಲಿ, ಮೂರನೆಯದು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ. ವಾರವೆಲ್ಲ ಲ್ಯಾಬು, ಆಫೀಸು. ವಾರಾಂತ್ಯದಲ್ಲಿ ಮರದ ಸಾಮಾನಿಗೆ ಹಚ್ಚೋ ಜೇನುಮೇಣದ ಪಾಲಿಶ್ ಮಾಡ್ತೀವಿ. ಇದು ಶುರುವಾಗಿದ್ದು ಅಡುಗೆಮನೆಯಿಂದ. ಚಪಾತಿ ಮಣೆ, ಲಟ್ಟಣಿಗೆ, ಮರದ ಸೌಟು, ತರಕಾರಿ ಹೆಚ್ಚುವ ಹಲಗೆ, ಊರಿಂದ ಹೊತ್ತು ತಂದ ಬೀಟೆ ಮರದ ಪೆಟ್ಟಿಗೆ, ಇವೆಲ್ಲ ಇಲ್ಲಿನ ಚಳಿಗಾಲದಲ್ಲಿ ಹೀಟರ್ ಗಾಳಿಗೆ ಒಣಗಿ ಬಿರುಕು ಬಿಡುತ್ತವೆ. ನಮಗೆ ಬೇಕಿತ್ತು, ಮಾಡಿಕೊಂಡೆವು. ಸ್ನೇಹಿತರು ಕೇಳಿದರು, ಕೊಟ್ಟೆವು. ಆಮೇಲೆ ಪುಟ್ಟ ಡಬ್ಬಿಗಳಿಗೆ ತುಂಬಿ, ಬೆಲೆ ಹಚ್ಚಿ, ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಮೇಜು ಹಾಕಿಕೊಂಡು ಕೂತೆವು.

ಡಬ್ಬಿಯ ಚೀಟಿಯಲ್ಲಿ ಹೀಗಿತ್ತು: ‘100% ಶುದ್ಧ. ರಾಸಾಯನಿಕ ಮುಕ್ತ. ಮರಕ್ಕೆ ಪೋಷಣೆ. ಜೇನು ಉಳಿಸಿ.’ ಚೆನ್ನಾಗಿಯೇ ಮಾರಾಟ ಆಗ್ತಿತ್ತು. ಅಷ್ಟರಲ್ಲಿ ಒಬ್ಬ ತಾಯಿ ಬಂದು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: “ಏನ್ರೀ, ಇದ್ರಲ್ಲಿ ಯಾವ ಎಣ್ಣೆ ಹಾಕಿದೀರ? ನನ್ನ ಮಗನಿಗೆ ಆಕ್ರೋಟ್ ಅಲರ್ಜಿ.”

ಆ ಸಲ ನಾವು ಹಾಕಿದ್ದೇ ಆಕ್ರೋಟ್ ಎಣ್ಣೆ. ಅದೂ ಗಾಣದ್ದು, ತಣ್ಣಗೆ ಹಿಂಡಿದ್ದು. ಅಂಥ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನಿನ ಅಂಶ ಉಳಿದಿರಬಹುದು. ಅವರು ಕೇಳದೇ ಇದ್ದಿದ್ದರೆ ಆ ಡಬ್ಬಿ ಅವರ ಮನೆಗೆ ಹೋಗ್ತಿತ್ತು, ಮಗು ಊಟ ಮಾಡೋ ಚಪಾತಿಯ ಮಣೆಗೆ ಬಳಿದಾಗ್ತಿತ್ತು. ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು ನಾವು. ಲ್ಯಾಬಿನಲ್ಲಿ ಹೆಸರು, ದಿನಾಂಕ ಬರೆಯದ ಒಂದು ಸೀಸೆ ಇಟ್ಟರೆ ವಿದ್ಯಾರ್ಥಿಗೆ ಬೈತೀವಿ. ನಮ್ಮ ಮೇಜಿನ ಮೇಲೆ ಅಂಥ ನಲವತ್ತು ಡಬ್ಬಿ ಇಟ್ಟುಕೊಂಡು ಕೂತಿದ್ವಿ. ಮಾರಾಟ ನಿಲ್ಲಿಸಿ, ಕೊಂಡವರಿಗೆಲ್ಲ ಫೋನ್ ಮಾಡಿ ಡಬ್ಬಿ ವಾಪಸ್ ತಗೊಂಡ್ವಿ. ಮನೆಗೆ ಬಂದು ಆ ಚೀಟಿಯ ಒಂದೊಂದೇ ಮಾತನ್ನು ಪರೀಕ್ಷೆಗೆ ಹಚ್ಚಿದೆವು. ಒಂದೂ ಪೂರ್ತಿ ಪಾಸಾಗಲಿಲ್ಲ.

ಮೊದಲು ಮೇಣ ಎಲ್ಲಿಂದ ಬರುತ್ತೆ ನೋಡೋಣ. ಕೆಲಸಗಾರ ಜೇನುನೊಣದ ಹೊಟ್ಟೆಯ ಅಡಿಭಾಗದಲ್ಲಿ ನಾಲ್ಕು ಜೋಡಿ ಮೇಣದ ಗ್ರಂಥಿಗಳಿವೆ. ಹುಟ್ಟಿದ ಎರಡು ವಾರದ ಆಸುಪಾಸಿನಲ್ಲಿ ಅವು ಚುರುಕಾಗಿರುತ್ತವೆ. ಮೇಣ ಪುಟ್ಟ ಹುರುಪೆಯ ಹಾಗೆ ಹೊರಬರುತ್ತದೆ, ನೊಣ ಅದನ್ನು ಬಾಯಲ್ಲಿ ಜಗಿದು ಮೆದು ಮಾಡಿ ಎರಿ ಕಟ್ಟುತ್ತದೆ. ಒಂದು ಹುರುಪೆಯ ತೂಕ ಸುಮಾರು ಒಂದು ಮಿಲಿಗ್ರಾಂ. ಅಂದ್ರೆ ನಮ್ಮ 50 ಗ್ರಾಂ ಡಬ್ಬಿಯಲ್ಲಿ 10 ಗ್ರಾಂ ಮೇಣ ಇದ್ದರೆ, ಅದು ಹತ್ತಿರ ಹತ್ತಿರ ಹತ್ತು ಸಾವಿರ ಹುರುಪೆ. ಆ ಮೇಣ ತಯಾರಿಸೋಕೆ ನೊಣಗಳು ಮೇಣದ ತೂಕಕ್ಕಿಂತ ಎಷ್ಟೋ ಪಟ್ಟು ಜೇನುತುಪ್ಪ ತಿಂದಿರುತ್ತವೆ.

ಈಗ ‘ರಾಸಾಯನಿಕ ಮುಕ್ತ’ ಅನ್ನೋ ಮಾತು. ಜೇನುಮೇಣವೇ ಮುನ್ನೂರಕ್ಕೂ ಹೆಚ್ಚು ರಾಸಾಯನಿಕಗಳ ಮಿಶ್ರಣ: ಎಸ್ಟರ್‌ಗಳು, ಹೈಡ್ರೋಕಾರ್ಬನ್‌ಗಳು, ಮೇದಾಮ್ಲಗಳು. ಅದನ್ನ ಬಿಡಿ, ಅದು ಮಾತಿನ ತಕರಾರು ಅಂದುಕೊಳ್ಳಿ. ಜನ ಕೇಳೋದು ಕೀಟನಾಶಕದ ಬಗ್ಗೆ ತಾನೆ? ಅಲ್ಲೇ ಇರೋದು ಕಷ್ಟ. 1987ರಲ್ಲಿ ಅಮೆರಿಕದ ಜೇನುಗೂಡುಗಳಲ್ಲಿ ವರೋವಾ ಅನ್ನೋ ನುಸಿ ಕಾಣಿಸಿಕೊಂಡಿತು. ನಮ್ಮ ತುಡುವೆ ಜೇನು ಆ ನುಸಿಯ ಮೂಲ ಆಶ್ರಯ, ಅದರ ಜೊತೆ ಹೇಗೋ ಬದುಕಲು ಕಲಿತಿದೆ. ಇಲ್ಲಿನ ಯುರೋಪಿಯನ್ ಜೇನಿಗೆ ಆ ಅಭ್ಯಾಸ ಇಲ್ಲ. ಹಾಗಾಗಿ ಜೇನು ಸಾಕುವವರು ಗೂಡಿನೊಳಗೇ ನುಸಿನಾಶಕ ಇಡಬೇಕಾಯಿತು. ಅವುಗಳಲ್ಲಿ ಫ್ಲುವಾಲಿನೇಟ್ ಮತ್ತು ಕೂಮಾಫಾಸ್ ಎಂಬ ಎರಡು ಕೊಬ್ಬಿನಲ್ಲಿ ಕರಗುವಂಥವು, ಮೇಣದಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತವೆ. 2010ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 23 ರಾಜ್ಯಗಳ ಮತ್ತು ಕೆನಡಾದ ಒಂದು ಪ್ರಾಂತ್ಯದ ಗೂಡುಗಳ ಮಾದರಿಗಳನ್ನು ಪರೀಕ್ಷಿಸಿತ್ತು. ಮೇಣದ ಮಾದರಿಗಳಲ್ಲಿ ಶೇ. 98ರಷ್ಟರಲ್ಲಿ ಈ ಎರಡರ ಕುರುಹು ಸಿಕ್ಕಿತ್ತು. ಆ ತಂಡದಲ್ಲಿ ನಮ್ಮ ಮೇರಿಲ್ಯಾಂಡ್ ಮನೆಗೆ ಹತ್ತಿರವೇ ಇರುವ ಬೆಲ್ಟ್ಸ್‌ವಿಲ್‌ನ ಕೃಷಿ ಇಲಾಖೆಯ ಜೇನು ಪ್ರಯೋಗಾಲಯದವರೂ ಇದ್ದರು.

ಇದನ್ನು ಕೇಳಿ ಮನೆಯ ಹಲಗೆ ಎಸೆಯಬೇಡಿ. ಅಧ್ಯಯನ ನೋಡಿದ್ದು ಗೂಡಿನ ಎರಿಯನ್ನು ಮತ್ತು ಎರಿಗೆ ಬುನಾದಿಯಾಗಿ ಕೊಡುವ ಮೇಣದ ಹಾಳೆಯನ್ನು, ಪಾಲಿಶ್ ಡಬ್ಬಿಯನ್ನಲ್ಲ. ತುಪ್ಪದ ಕೋಣೆಗಳ ಮೇಲೆ ನೊಣಗಳು ಹೊಸದಾಗಿ ಹಾಕುವ ಮುಚ್ಚಳದ ಮೇಣ ಹಳೆ ಎರಿಗಿಂತ ಸ್ವಚ್ಛ. ಆಹಾರದಲ್ಲಿ ಜೇನುಮೇಣ ಬಳಸೋದಕ್ಕೂ ಇಲ್ಲಿನ ಎಫ್‌ಡಿಎ ಒಪ್ಪಿಗೆ ಇದೆ. ನಮ್ಮ ಮಾತು ಇಷ್ಟೇ: ಪರೀಕ್ಷೆ ಮಾಡಿಸದೆ ‘ಮುಕ್ತ’ ಅಂತ ಬರೆಯೋಕೆ ನಮಗೆ ಅಧಿಕಾರ ಇಲ್ಲ. ‘ಇಂಥ ಊರಿನ ಜೇನು ಸಾಕಣೆದಾರರಿಂದ ಕೊಂಡ ಮುಚ್ಚಳದ ಮೇಣ’ ಅಂತ ಬರೆಯಬಹುದು. ಅದು ನಮಗೆ ಗೊತ್ತಿರೋ ಸತ್ಯ.

ಮುಂದಿನದು ‘ಮರಕ್ಕೆ ಪೋಷಣೆ’. ಲಟ್ಟಣಿಗೆಯ ಮರ ಸತ್ತ ಜೀವಕೋಶಗಳ ಗೋಡೆಗಳ ಕಟ್ಟು. ಅದಕ್ಕೆ ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ. ಆದರೆ ಗಾಳಿಯ ತೇವ ಹೆಚ್ಚಾದಾಗ ಆ ಗೋಡೆಗಳು ನೀರು ಹೀರಿ ಉಬ್ಬುತ್ತವೆ, ಕಡಿಮೆಯಾದಾಗ ಕುಗ್ಗುತ್ತವೆ. ಈ ಹಿಗ್ಗು ಕುಗ್ಗು ಎಳೆಯ ಉದ್ದಕ್ಕೆ ಬಹಳ ಕಮ್ಮಿ, ಅಡ್ಡಕ್ಕೆ ಜಾಸ್ತಿ. ಬಿರುಕು ಎಳೆಯ ಗುಂಟವೇ ಬರೋದು ಅದಕ್ಕೇ. ಮೇಣ ಮಾಡೋ ಕೆಲಸ ಅಂದ್ರೆ, ಮೇಲೆ ಬಿದ್ದ ನೀರಹನಿ ಒಳಗಿಳಿಯದ ಹಾಗೆ ತಡೆದು, ಒರೆಸೋಕೆ ನಮಗೆ ಸಮಯ ಕೊಡೋದು, ಗೀರು ಮರೆಮಾಡೋದು, ಹೊಳಪು ಕೊಡೋದು. ಗಾಳಿಯ ತೇವವನ್ನು ತೆಳು ಮೇಣದ ಲೇಪ ಹೆಚ್ಚು ತಡೆಯುವುದಿಲ್ಲ, ಅದರಲ್ಲಿ ಅರಗಿನ ಲೇಪವೇ ವಾಸಿ. ಅಂದಹಾಗೆ ಚನ್ನಪಟ್ಟಣದ ಬೊಂಬೆಗೆ ಈ ಪಾಲಿಶ್ ಹಚ್ಚಬೇಡಿ. ಅದರ ಮೈಮೇಲೆ ಆಗಲೇ ಅರಗು ಇದೆ, ಅದೂ ಕೀಟ ಕೊಟ್ಟದ್ದೇ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

‘ಜೇನು ಉಳಿಸಿ’ ಅನ್ನೋದು ಎಲ್ಲಕ್ಕಿಂತ ಮುಜುಗರದ್ದು. ಅಮೆರಿಕಕ್ಕೆ ಈ ಜೇನು ನಮ್ಮ ಹಾಗೇ ವಲಸೆ ಬಂದದ್ದು. 1622ರಲ್ಲಿ ಇಂಗ್ಲೆಂಡಿನ ಹಡಗಿನಲ್ಲಿ ವರ್ಜೀನಿಯಾಕ್ಕೆ ಬಂತು. ಇವತ್ತು ನಾರ್ತ್ ಕ್ಯಾರೊಲೈನಾಕ್ಕೂ ಜಾರ್ಜಿಯಾಕ್ಕೂ ಅದೇ ರಾಜ್ಯದ ಕೀಟ! ಅದನ್ನು ಸಾಕುವವರಿಗೆ ಕಷ್ಟಗಳಿವೆ, ನಿಜ. 2016ರ ಆಗಸ್ಟ್‌ನಲ್ಲಿ ಸೌತ್ ಕ್ಯಾರೊಲೈನಾದ ಡಾರ್ಚೆಸ್ಟರ್ ಕೌಂಟಿಯಲ್ಲಿ ಜೀಕಾ ಸೊಳ್ಳೆಗೆಂದು ವಿಮಾನದಿಂದ ಔಷಧಿ ಸಿಂಪಡಿಸಿದಾಗ ಲಕ್ಷಾಂತರ ಜೇನುನೊಣ ಸತ್ತವು. 2023ರಲ್ಲಿ ಜಾರ್ಜಿಯಾದ ಸವಾನ್ನಾ ಹತ್ತಿರ ಜೇನು ತಿನ್ನುವ ಹಳದಿ ಕಾಲಿನ ಕಣಜ ಕಾಣಿಸಿತು. ಮೇಣ ಕೊಂಡರೆ ಸಾಕಣೆದಾರರಿಗೆ ನಾಲ್ಕು ಕಾಸು ಸಿಗುತ್ತದೆ, ಒಳ್ಳೆಯದೇ. ಆದರೆ ಉತ್ತರ ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಜಾತಿಯ ಸ್ಥಳೀಯ ಕಾಡುಜೇನುಗಳಿವೆ. ಅವುಗಳಲ್ಲಿ ಒಂದಕ್ಕೂ ನಮ್ಮ ಡಬ್ಬಿಯಿಂದ ಉಪಕಾರ ಇಲ್ಲ. ಅವುಗಳಿಗೆ ಬೇಕಾದದ್ದು ಹೂವು, ಔಷಧಿ ಹೊಡೆಯದ ಹಿತ್ತಲು.

ಚೀಟಿಯ ಕಥೆ ಹೀಗಾದರೆ ಡಬ್ಬಿಯೊಳಗಿನ ಕಥೆಯೂ ಇದೆ. ಮೂರು ಮನೆಯಲ್ಲಿ ಮೂರು ಪಾಕ.

ಅಟ್ಲಾಂಟಾ ಮನೆಯವರದ್ದು ಕೊಬ್ಬರಿ ಎಣ್ಣೆ. ಪರಿಮಳ ಚೆನ್ನಾಗಿತ್ತು. ಜುಲೈನಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಮರೆತರು, ಎಲ್ಲ ಕರಗಿ ಮುಚ್ಚಳದಿಂದ ಸೋರಿತು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಜೇನುಮೇಣ ಕರಗೋದು 62ರಿಂದ 64 ಡಿಗ್ರಿಗೆ, ಆದರೆ ಅದಕ್ಕೆ ಎಷ್ಟೋ ಮುಂಚೆ ಮೆತ್ತಗಾಗುತ್ತದೆ. ವೀಣೆ ಕಲಿಯೋ ಮಕ್ಕಳಿರುವ ಮನೆಯವರಿಗೆ ಇದು ಗೊತ್ತು: ವೀಣೆಯ 24 ಮೆಟ್ಟಿಲುಗಳು ಕೂತಿರೋದು ಇದ್ದಿಲಪುಡಿ ಬೆರೆಸಿದ ಮೇಣದ ಮೇಲೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ವೀಣೆ ಬಿಟ್ಟರೆ ಮೆಟ್ಟಿಲು ಜರುಗಿ ಸ್ವರ ಕೆಡುತ್ತದೆ.

ಶಾರ್ಲೆಟ್ ಮನೆಯವರದ್ದು ಟರ್ಪೆಂಟೈನ್ ಬೆರೆಸಿದ ಹಳೇ ಪದ್ಧತಿ. ಅವರಿರೋ ಕಡೆ ಅದಕ್ಕೆ ಚರಿತ್ರೆಯೂ ಇದೆ. ಕ್ಯಾರೊಲೈನಾದ ಲಾಂಗ್‌ಲೀಫ್ ಪೈನ್ ಕಾಡುಗಳಿಂದ ಟಾರು, ಟರ್ಪೆಂಟೈನ್ ಹೊರಟು ಹಡಗುಗಳಿಗೆ ಹೋಗ್ತಿತ್ತು. ಅಲ್ಲಿನವರನ್ನು ‘ಟಾರ್ ಹೀಲ್’ ಅಂತ ಕರೆಯೋದರ ಬೇರು ಅಲ್ಲಿದೆ. ಮರಮುಟ್ಟಿನ ಊರು ಹೈ ಪಾಯಿಂಟ್ ಕೂಡ ಅದೇ ರಾಜ್ಯದಲ್ಲಿ. ಕುರ್ಚಿ, ಮೇಜಿಗೆ ಈ ಪಾಕ ಚೆನ್ನ, ಅಡುಗೆ ಹಲಗೆಗೆ ಮಾತ್ರ ಸಲ್ಲದು. ಟರ್ಪೆಂಟೈನ್ ಆವಿ ಸುಮಾರು 35 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು, ಒಲೆಯ ಹತ್ತಿರವೂ ಸುಳಿಯಬಾರದು. ಮೇಣವನ್ನು ಕೂಡ ನೇರ ಉರಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟೇ ಕರಗಿಸಿ.

ಅಗಸೆ ಎಣ್ಣೆ ಬಳಸುವವರಿಗೆ ಇನ್ನೊಂದು ಮಾತು. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ, ಆಗ ಶಾಖ ಹೊರಬರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಿದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. 1991ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡ ಹೊತ್ತಿ ಉರಿದದ್ದು ಹಾಗೇ, ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಈ ಸಾಲು ಡಬ್ಬಿಯ ಮೇಲೆ ಇರಲೇಬೇಕು.

ಮೇರಿಲ್ಯಾಂಡ್ ಮನೆಯ ಪಾಕ ಆಕ್ರೋಟ್ ಬಿಟ್ಟು ಈಗ ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಆಹಾರ ದರ್ಜೆಯ ಮಿನರಲ್ ಆಯಿಲ್‌ಗೆ ಬಂದು ನಿಂತಿದೆ. “ಅಯ್ಯೋ, ಪೆಟ್ರೋಲಿಯಂದಾ?” ಅಂತಾರೆ. ಹೌದು. ಆದರೆ ಅದು ಕಮಟು ಹಿಡಿಯಲ್ಲ, ಅದರಲ್ಲಿ ಬೀಜದ ಪ್ರೋಟೀನೂ ಇಲ್ಲ. ‘ನೈಸರ್ಗಿಕ’ ಅನ್ನೋದು ‘ಸುರಕ್ಷಿತ’ ಅನ್ನೋದಕ್ಕೆ ಇನ್ನೊಂದು ಹೆಸರಲ್ಲ.

ಇನ್ನು ಮಾರಾಟ. ಕಾನೂನು ನೋಡೋದು ಡಬ್ಬಿಯ ಮೇಲೆ ನಾವು ಏನು ಹೇಳ್ತೀವಿ ಅನ್ನೋದನ್ನೂ. ಅದೇ ಮುಲಾಮನ್ನು ಮರಕ್ಕೆ ಅಂದರೆ ಮನೆಬಳಕೆಯ ಪಾಲಿಶ್, ಕೈಯ ಅಂದಕ್ಕೆ ಹಚ್ಚಿ ಅಂದರೆ ಸೌಂದರ್ಯವರ್ಧಕ, ರೋಗಾಣು ಕೊಲ್ಲುತ್ತೆ ಅಂದರೆ ಕೀಟನಾಶಕದ ಕಾನೂನಿನಡಿ ಬರುತ್ತದೆ. ಟರ್ಪೆಂಟೈನ್ ಶೇ. 10 ದಾಟಿದರೆ ಫೆಡರಲ್ ಕಾನೂನಿನ ಎಚ್ಚರಿಕೆ ಚೀಟಿ ಕಡ್ಡಾಯ, ದ್ರವ ರೂಪದಲ್ಲಿದ್ದರೆ ಮಕ್ಕಳು ತೆರೆಯಲಾಗದ ಮುಚ್ಚಳವೂ ಬೇಕು.

ಇನ್ನೊಂದು ವಿಷಯವನ್ನು ನಮ್ಮವರು ಗಟ್ಟಿಯಾಗಿ ಮಾತಾಡಲ್ಲ. ಎಚ್-1ಬಿ ವೀಸಾದಲ್ಲಿರುವವರು ಪಕ್ಕದಲ್ಲಿ ಸ್ವಂತ ವ್ಯಾಪಾರ ನಡೆಸುವಂತಿಲ್ಲ. ಎಚ್-4ನಲ್ಲಿರುವ ಸಂಗಾತಿಗಳಲ್ಲಿ ಕೆಲವರಿಗೆ ಮಾತ್ರ 2015ರಿಂದ ಕೆಲಸದ ಪರವಾನಗಿ ಸಿಗ್ತಿದೆ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಕ ಇಳಿಸುವವರಿಗೆ ಆ ಪರವಾನಗಿ ಇಲ್ಲ. ಅವರು ಮಾಡಿದ್ದು ಅವರ ಮನೆಯ ಬಳಕೆಗೆ ಮಾತ್ರ. ಮೇಜಿನ ಮೇಲಿರೋದು ಪರವಾನಗಿ ಇರುವ ಮನೆಯಲ್ಲಿ ತಯಾರಾದದ್ದು. ಇದನ್ನು ಹೇಳುವಾಗ ಬೇಜಾರಾಗುತ್ತೆ. ಆದರೆ ಹತ್ತು ಡಾಲರ್ ಡಬ್ಬಿಗೋಸ್ಕರ ಹತ್ತು ವರ್ಷದ ಕಾಯುವಿಕೆಯನ್ನು ಪಣಕ್ಕಿಡಬೇಡಿ, ಮೊದಲು ವಕೀಲರನ್ನು ಕೇಳಿ.

“ಇಷ್ಟು ಸಣ್ಣ ವ್ಯಾಪಾರಕ್ಕೆ ಇಷ್ಟೆಲ್ಲ ಯಾಕ್ರೀ? ದೊಡ್ಡ ಕಂಪನಿಗಳೇ ಪೂರ್ತಿ ಬರೆಯಲ್ಲ” ಅಂತ ಒಬ್ಬರು ಕೇಳಿದರು. ನಿಜ, ಬರೆಯಲ್ಲ. ಆದರೆ ಅಂಗಡಿಯ ಡಬ್ಬಿಯನ್ನು ಜನ ಅನುಮಾನದಿಂದಲೇ ತಿರುಗಿಸಿ ನೋಡ್ತಾರೆ. ನಮ್ಮ ಮೇಜಿಗೆ ಬಂದವರು ‘ನಮ್ಮೂರವರು, ಅದೂ ವಿಜ್ಞಾನಿಗಳು’ ಅಂತ ನೋಡದೆಯೇ ಚೀಲಕ್ಕೆ ಹಾಕಿಕೊಳ್ತಾರೆ. ಆ ನಂಬಿಕೆಯ ಮೇಲೆ ವ್ಯಾಪಾರ ಮಾಡುವವರಿಗೆ ಜವಾಬ್ದಾರಿ ಹೆಚ್ಚೇ ಹೊರತು ಕಡಿಮೆಯಲ್ಲ. ಆ ದಿನ ಒಬ್ಬರು ತಿರುಗಿಸಿ ನೋಡಿದ್ದು ನಮ್ಮ ಪುಣ್ಯ.

ಈಗಿನ ಚೀಟಿಯಲ್ಲಿ ಬಣ್ಣದ ಮಾತು ಇಲ್ಲ. ಏನೇನು ಹಾಕಿದೆ, ಎಷ್ಟೆಷ್ಟು ಪಾಲು, ಮೇಣ ಯಾವ ಊರಿನದು, ಮಾಡಿದ ತಿಂಗಳು, ನಿವ್ವಳ ತೂಕ, ಯಾವ ಮರಕ್ಕೆ ಹಚ್ಚಬಾರದು, ನಮ್ಮ ವಿಳಾಸ. ಅಷ್ಟೇ. ಮೊದಲಿನಷ್ಟು ಬೇಗ ಖರ್ಚಾಗ್ತಿಲ್ಲ, ಒಪ್ಪಿಕೊಳ್ತೀವಿ. ಆದರೆ ಆ ತಾಯಿ ಮುಂದಿನ ಸಲ ಬಂದಾಗ ಚೀಟಿ ಪೂರ್ತಿ ಓದಿ ಎರಡು ಡಬ್ಬಿ ತಗೊಂಡರು.

ನಿಮ್ಮ ಮನೆಯಲ್ಲೂ ಯಾರಾದರೂ ಸೋಪು, ಮುಲಾಮು, ಪಾಲಿಶ್ ಮಾಡಿ ಮಾರ್ತಿದ್ದರೆ ಈ ಸಂಚಿಕೆಯನ್ನು ಅವರಿಗೆ ಕಳಿಸಿ. ಕೊಳ್ಳುವವರಾದರೆ ಸಂಕೋಚ ಬಿಟ್ಟು ಕೇಳಿ: “ಏನ್ರೀ, ಇದ್ರಲ್ಲಿ ಏನೇನು ಹಾಕಿದೀರ?” ಉತ್ತರ ಬರಲಿಲ್ಲ ಅಂದ್ರೆ ಡಬ್ಬಿ ಅಲ್ಲೇ ಇಟ್ಟು ಬನ್ನಿ, ಅದು ನಮ್ಮ ಮೇಜೇ ಆಗಿದ್ದರೂ ಸರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.